ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರೂ ಅವರ ಧರ್ಮಛತ್ರವೂ

ಬಾಬಾಬುಡನ್‌ಗಿರಿಯ ತಪ್ಪಲಿನ ಊರುಗಳಿಂದ ಬೆಂಗಳೂರಿಗೆ ಹೊರಟವನು ಒಂದು ಕಾಲದಲ್ಲಿ ಮೊದಲು ಎತ್ತಿನ ಗಾಡಿಯಲ್ಲಿ ಬಯಲುಸೀಮೆಯ ಕಡೂರಿಗೆ ಇಳಿಯಬೇಕಾಗಿದ್ದಿತು. ಚಿಕ್ಕಮಗಳೂರಿಗೆ ರೈಲು ಬಂದದ್ದು ೨೦೧೩ರಲ್ಲಿ. ಅದಕ್ಕೆ ಹಿಂದೆ, ೧೮೮೯ರಿಂದ ಮೊದಲುಗೊಂಡು ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲ, ಆ ಕಾಫಿಯ ಬೆಟ್ಟಗಳಿಗೆ ಕಡೂರಿನ ನಿಲ್ದಾಣವೇ ಹೆಬ್ಬಾಗಿಲಾಗಿದ್ದಿತು. ಅಲ್ಲಿ ರೈಲು ಹತ್ತಿದವನು ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರುಗಳನ್ನು ಹಾದು ಬೆಂಗಳೂರು ಪೇಟೆಯ ನಿಲ್ದಾಣದಲ್ಲಿ ಇಳಿಯುವನು. ೧೯೦೩ರಿಂದೀಚೆಗೆ ಹಾಗೆ ಇಳಿದವನಿಗೆ, ಪರಿಚಯದವರು ಯಾರೂ ಇಲ್ಲದಿದ್ದರೂ, ತಂಗುವುದಕ್ಕೆ ಒಂದು ನೆಲೆ ನಿಲ್ದಾಣದ ಸಮೀಪದಲ್ಲಿಯೇ ಇದ್ದಿತು. ಆ ನೆಲೆಯನ್ನು ಕಟ್ಟಿಸಿದವರು ಅವನು ದಾರಿಯಲ್ಲಿ ದಾಟಿ ಬಂದ ಗುಬ್ಬಿಯಲ್ಲಿ ಹುಟ್ಟಿದ ವರ್ತಕರು. ರಾವ್ ಬಹದ್ದೂರ್, ಧರ್ಮಪ್ರವರ್ತ ಎಂಬ ಎರಡು ಬಿರುದುಗಳೊಡನೆ ಅವರ ಹೆಸರು ಇಂದಿಗೂ ಆ ಸಂಸ್ಥೆಯ ಮೇಲೆ ನಿಂತಿದೆ. ಮೊದಲನೆಯದು ಬ್ರಿಟಿಷ್ ಸರ್ಕಾರದ ಮನ್ನಣೆ, ಎರಡನೆಯದು ಮೈಸೂರು ದೊರೆಗಳದು.

ತೋಟದಪ್ಪನವರು ೧೮೩೮ರಲ್ಲಿ ಗುಬ್ಬಿಯ ವೀರಶೈವ ಮನೆತನವೊಂದರಲ್ಲಿ ಜನಿಸಿದರು. ಗುಬ್ಬಿಯು ಸಾಹಿತ್ಯದ ಅಧ್ಯಾಪಕರಿಗೆ ಅಪರಿಚಿತವಾದ ಊರಲ್ಲ. ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’, ‘ವೀರಶೈವಾಮೃತ ಮಹಾಪುರಾಣ’ಗಳನ್ನು ರಚಿಸಿದ ಮಲ್ಲಣಾರ್ಯನು ಅಲ್ಲಿಯವನು, ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಬಹುಕಾಲ ಮೆರೆದ ನಾಟಕ ಮಂಡಲಿಯೂ ಅಲ್ಲಿಯದೇ. ಆದರೆ ಕಾವ್ಯ ನಾಟಕಗಳಿಗಿಂತ ಆ ಊರಿಗೆ ಅನ್ನವಿಟ್ಟದ್ದು ಸಂತೆ. ಅಡಕೆ ಕೊಬ್ಬರಿಗಳ ಪ್ರಾಂತದ ನಡುವೆ ಇದ್ದು, ಮಲೆನಾಡಿನ ಸರಕು ಬಯಲುಸೀಮೆಗೂ ಬಯಲುಸೀಮೆಯ ಸರಕು ಮಲೆನಾಡಿಗೂ ಕೈಬದಲಾಯಿಸುವ ಕಟ್ಟೆಯಾಗಿ ಅದು ಬೆಳೆಯಿತು. ಟಿಪ್ಪುವಿನ ಪತನದ ಮರುವರ್ಷ, ಅಂದರೆ ೧೮೦೦ರಲ್ಲಿ, ಈ ಸೀಮೆಯನ್ನು ಸುತ್ತಿದ ಬುಕನನ್ ಅಲ್ಲಿಯ ವ್ಯಾಪಾರವನ್ನು ಗಮನಿಸಿ ಬರೆದಿದ್ದಾನೆ. ಇಂತಹ ಊರಿನಲ್ಲಿ ಬೆಳೆದ ಬಾಲಕನು ದಾರಿಹೋಕರನ್ನು ಕಾಣದೆ ಬೆಳೆಯಲಾರನು. ಹೇರೆತ್ತುಗಳ ಸಾಲು, ಗಾಡಿಗಳ ಸಾಲು, ರಾತ್ರಿಯ ತಂಗುವಿಕೆ, ಬೆಳಗಿನ ಜಾವದ ಪಯಣ ಇವೇ ಸಂತೆಯ ಊರಿನ ದಿನಚರಿ.

ಮುಂದೆ ಕುಟುಂಬವು ಬೆಂಗಳೂರಿಗೆ ಬಂದಿತು. ತೋಟದಪ್ಪನವರು ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನಾರಂಭಿಸಿ ಧನವಂತರಾದರು. ಪೇಟೆಯ ವರ್ತಕರ ವಸತಿ ಎಂತಹದೆಂಬುದನ್ನು ಇಲ್ಲಿ ನೆನೆಯಬೇಕು. ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಸರಕಿನ ಕೋಣೆ, ಅದರಾಚೆಗೆ ಇಲ್ಲವೆ ಅಟ್ಟದ ಮೇಲೆ ಮನೆ: ಹಳೆಯ ಪೇಟೆಗಳಲ್ಲಿ ಸಾಮಾನ್ಯವಾಗಿದ್ದ ಕ್ರಮವಿದು. ವರ್ತಕನು ತನ್ನ ವ್ಯವಹಾರದ ಬೆನ್ನಿಗೇ ಬಾಳುವನು. ಅವನ ಮನೆಗೆ ಮುಂಬಾಗಿಲೆಂಬುದು ಅಂಗಡಿಯ ಬಾಗಿಲೇ. ಸಂಪತ್ತು ಕೂಡಿದ ಮೇಲೆ ಊರ ಹೊರಗೆ ವಿಶಾಲವಾದ ಸೌಧವನ್ನು ಕಟ್ಟಿಸಿ ಕೈಸಾಲೆ, ಉದ್ಯಾನಗಳೊಡನೆ ಸುಖವಾಗಿರುವುದು ಆ ಕಾಲದ ಬೆಂಗಳೂರಿನ ಅನೇಕ ಶ್ರೀಮಂತರ ಬಯಕೆಯಾಗಿದ್ದಿತು. ತೋಟದಪ್ಪನವರೂ ಪೇಟೆಯ ಹೊರಗೆ ಎರಡೂವರೆ ಎಕರೆಯ ನಿವೇಶನವನ್ನು ಕೊಂಡು ಕಟ್ಟಡವನ್ನೆಬ್ಬಿಸಿದರು. ಆದರೆ ಅದು ಅವರಿಗಾಗಿ ಅಲ್ಲ. ಅವರಿಗೆ ಸಂತಾನವಿರಲಿಲ್ಲ. ವರ್ತಕನು ಕಟ್ಟಿಸಿದ ಮನೆಗಳ ಚರಿತ್ರೆಯಲ್ಲಿ ಈ ಮನೆಗೆ ಇರುವ ವಿಶೇಷವೇ ಇದು: ಕಟ್ಟಿಸಿದಾತನ ವಂಶದವರು ಬಾಳಲೆಂದು ಅದನ್ನು ಕಟ್ಟಿಸಲಿಲ್ಲ, ಬಂದವರು ಬಾಳಲೆಂದೇ ಕಟ್ಟಿಸಿತು.

ಬಂದವರಿಗೆ ಮನೆ ಕಟ್ಟಿಸುವುದು ಹೊಸ ಧರ್ಮವೇನೂ ಆಗಿರಲಿಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸತ್ರ ಇವು ಕನ್ನಡ ನಾಡಿನ ವರ್ತಕರ ಹಳೆಯ ದಾನಗಳು. ‘ಅಱವಟ್ಟಿಗೆ’ ಎಂಬ ಮಾತಿನ ಮೊದಲಲ್ಲಿರುವ ‘ಅಱ’ ಎಂಬುದಕ್ಕೆ ಧರ್ಮವೆಂದೇ ಅರ್ಥ. ತಮಿಳಿನ ‘ಅಱಂ’ ಎಂಬುದರ ಒಡಹುಟ್ಟು ಅದು. ದಾರಿಹೋಕನಿಗೆ ನೀರು ಕೊಡುವ ಚಪ್ಪರಕ್ಕೆ ಕನ್ನಡಿಗರು ಧರ್ಮದ ಹೆಸರನ್ನೇ ಇಟ್ಟರು. ‘ಛತ್ರ’ದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಅದರ ಮೂಲರೂಪ ‘ಸತ್ರ’. ವೈದಿಕ ಸಂಸ್ಕೃತದಲ್ಲಿ ‘ಸತ್ತ್ರ’ವೆಂದರೆ ಅನೇಕ ದಿನಗಳು ಒಟ್ಟುಗೂಡಿ ನಡೆಸುವ ಯಾಗ. ಕಾಲಕ್ರಮದಲ್ಲಿ ಯಾಗವು ಹಿಂದಾಗಿ ಅನ್ನವು ಮುಂದಾಯಿತು. ಶಾಸನಗಳಲ್ಲಿ ಸತ್ರಕ್ಕೆ ಬಿಟ್ಟ ಭೂಮಿಯೆಂದರೆ ಅನ್ನದಾನಕ್ಕೆ ಬಿಟ್ಟ ಭೂಮಿ. ಈ ಸತ್ರವೇ ಜನರ ಬಾಯಲ್ಲಿ ಛತ್ರವಾಗಿ, ಕೊಡೆ ಎಂಬರ್ಥದ ಬೇರೊಂದು ಸಂಸ್ಕೃತ ಶಬ್ದದೊಡನೆ ಬೆರೆತುಹೋಯಿತು. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ತಪ್ಪು. ಆದರೆ ಬಿಸಿಲುಮಳೆಗಳಲ್ಲಿ ನಡೆದು ಬಂದವನಿಗೆ ನೆರಳು ಕೊಡುವ ಮನೆಯನ್ನು ಕೊಡೆಯೆಂದು ತಿಳಿದ ಜನರ ತಪ್ಪನ್ನು ತೀರ ಕಠಿಣವಾಗಿ ಎಣಿಸಬೇಕಾಗಿಲ್ಲ.

ಇದೇ ಕೊಡೆಯ ಛತ್ರದಿಂದ ವ್ಯಾಕರಣಕಾರರು ಇನ್ನೊಂದು ಶಬ್ದವನ್ನು ಸಾಧಿಸಿದ್ದಾರೆ. ಅದು ‘ಛಾತ್ರ’, ಎಂದರೆ ವಿದ್ಯಾರ್ಥಿ. ಪಾಣಿನಿಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಇದಕ್ಕೆ ಸೂತ್ರವುಂಟು. ಗುರುವು ಶಿಷ್ಯನಿಗೆ ಕೊಡೆಯಂತೆ ಆವರಣವಾಗಬೇಕು, ಶಿಷ್ಯನು ಗುರುವನ್ನು ಕೊಡೆಯನ್ನು ಕಾಪಾಡುವಂತೆ ಕಾಪಾಡಬೇಕು ಎಂಬುದು ಪತಂಜಲಿಯ ವಿವರಣೆಯ ಭಾವ. ದಾರಿಗನ ಛತ್ರ, ಓದುವ ಛಾತ್ರ ಇವೆರಡೂ ಶಬ್ದಕೋಶದಲ್ಲಿ ನೆರೆಹೊರೆಯಾಗಿ ಬಹುಕಾಲ ಇದ್ದುವು. ತೋಟದಪ್ಪನವರ ಕಟ್ಟಡದಲ್ಲಿ ಅವು ಒಂದೇ ಮಾಡಿನ ಕೆಳಗೆ ಬಂದುವು. ಅವರ ಧರ್ಮವು ಎರಡು ಬಗೆಯದು: ಪ್ರಯಾಣಿಕರಿಗೆ ಉಚಿತವಾದ ಬಿಡಾರ, ವಿದ್ಯಾರ್ಥಿಗಳಿಗೆ ಉಚಿತವಾದ ನಿಲಯ.

ಅನ್ನವನ್ನೂ ಓದನ್ನೂ ಒಂದೆಡೆ ಕೂಡಿಸುವ ಪದ್ಧತಿ ಈ ನಾಡಿನಲ್ಲಿ ಹಿಂದೆ ಇದ್ದಿಲ್ಲವೆಂದು ಹೇಳುವಂತಿಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವನ್ನು ಬಲ್ಲವರಿಗೆ ಇದು ಗೊತ್ತು. ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ದರ್ಶನಗಳು ಇವುಗಳ ವ್ಯಾಸಂಗ ನಡೆಯುವ ಸ್ಥಾನವೂ, ದೀನರಿಗೂ ಕುರುಡರಿಗೂ ಕಿವುಡರಿಗೂ ಅನ್ನ ದೊರೆಯುವ ಸ್ಥಾನವೂ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೂ ಆ ಒಂದೇ ಮಠವೆಂದು ಅದು ಸಾರುತ್ತದೆ. ಬಳ್ಳಿಗಾವೆ ವರ್ತಕರ ಊರು; ಅಯ್ಯಾವೊಳೆಯ ಐನೂರ್ವರ ಸಂಬಂಧದ ಊರು. ಸರಕಿನ ಹೇರಿಗೆ ಇಂತಿಷ್ಟೆಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಧರ್ಮಕ್ಕೆ ಕೊಡುವ ವಾಡಿಕೆ ಆ ಸಂಘಗಳಲ್ಲಿ ಇದ್ದಿತು. ಆದರೆ ಅಲ್ಲಿ ಮಠವೂ ಗುರುಪೀಠವೂ ಕೇಂದ್ರ. ಅನ್ನ ವಿದ್ಯೆಗಳೆರಡೂ ಅದರ ಸುತ್ತಿನವು. ತೋಟದಪ್ಪನವರ ಧರ್ಮಕ್ಕೆ ಕೇಂದ್ರವಾದದ್ದು ಯಾವ ಮಠವೂ ಅಲ್ಲ, ಒಂದು ರೈಲು ನಿಲ್ದಾಣ. ಓದಿನ ಸ್ಥಾನವೂ ಕಟ್ಟಡದೊಳಗಿರಲಿಲ್ಲ. ಅದು ಊರಿನ ಶಾಲೆ ಕಾಲೇಜುಗಳಲ್ಲಿದ್ದಿತು.

ಈ ನಿಲ್ದಾಣದ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಯುಕ್ತ. ಹಿಂದಿನ ಕಾಲದ ಛತ್ರಗಳಿದ್ದುದು ಹೆದ್ದಾರಿಗಳ ಮೇಲೆ. ಒಂದು ದಿನದ ನಡಿಗೆಯ ಕೊನೆಯಲ್ಲಿ, ಬಾವಿಯ ಇಲ್ಲವೆ ಕೆರೆಯ ಬಳಿಯಲ್ಲಿ, ಮರಗಳ ನೆರಳಿನಲ್ಲಿ ಅವು ಇರುತ್ತಿದ್ದುವು. ಕಂಬಗಳ ಪಡಸಾಲೆ, ಅಡಿಗೆಗೆ ಮೂರು ಕಲ್ಲಿನ ಒಲೆ, ದನಗಳಿಗೆ ಕಟ್ಟುವ ತಾಣ, ಇಷ್ಟಿದ್ದರೆ ಸಾಕು. ಬೆಂಗಳೂರಿನ ದಂಡಿಗೆ ಮದರಾಸಿನ ಕಡೆಯ ರೈಲು ೧೮೬೪ರಲ್ಲಿ ಬಂದಿತು. ೧೮೮೦ರ ದಶಕದಲ್ಲಿ ಪೇಟೆಯ ನಿಲ್ದಾಣದಿಂದ ಒಂದು ಕಡೆ ಮೈಸೂರಿಗೂ ಇನ್ನೊಂದು ಕಡೆ ತುಮಕೂರು ಗುಬ್ಬಿಗಳಿಗೂ ದಾರಿ ತೆರೆಯಿತು. ೧೮೮೪ರಲ್ಲಿ ಗುಬ್ಬಿಯವರೆಗೆ ಬಂದಿದ್ದ ಕಂಬಿಗಳು ೧೮೮೯ರಲ್ಲಿ ಹರಿಹರವನ್ನು ಮುಟ್ಟಿದುವು. ವಾರದ ದಾರಿ ಒಂದು ಹಗಲಿನದಾಯಿತು. ನಡುದಾರಿಯಲ್ಲಿ ಯಾರೂ ತಂಗಬೇಕಾಗಿಲ್ಲವಾದುದರಿಂದ ಎಷ್ಟೋ ಹಳೆಯ ಛತ್ರಗಳಿಗೆ ಕೆಲಸವೇ ತಪ್ಪಿತು. ಅದಕ್ಕೆ ಬದಲಾಗಿ ದಾರಿಯ ತುದಿಯಲ್ಲಿ, ರೈಲು ಜನರನ್ನು ಒಮ್ಮೆಗೇ ಸುರಿಯುವ ಸ್ಥಳದಲ್ಲಿ, ಹೊಸದೊಂದು ಕೊರತೆ ಹುಟ್ಟಿತು. ಆಸ್ಪತ್ರೆಗೆ ಬಂದವನು, ನ್ಯಾಯಸ್ಥಾನಕ್ಕೆ ಬಂದವನು, ಕಛೇರಿಯ ಅರ್ಜಿ ಹಿಡಿದು ಬಂದವನು ರಾತ್ರಿ ಎಲ್ಲಿ ಮಲಗಬೇಕು? ದಾರಿಯು ಸ್ಥಳ ಬದಲಾಯಿಸಿದ ಮೇಲೆ ಛತ್ರವೂ ಬದಲಾಯಿಸಬೇಕೆಂಬುದನ್ನು ಕಂಡುಕೊಂಡುದು ವರ್ತಕನ ಕಣ್ಣು. ಹತ್ತು ಮಂದಿ ಹಾದುಹೋಗುವ ಮೂಲೆ ಯಾವುದೆಂಬುದನ್ನು ಅಂಗಡಿಯವನಿಗಿಂತ ಚೆನ್ನಾಗಿ ಬಲ್ಲವರಾರು?

೧೮೯೭ರಲ್ಲಿ ತೋಟದಪ್ಪನವರು ಆ ಎರಡೂವರೆ ಎಕರೆಯನ್ನು ರೈಲ್ವೆಯವರಿಂದಲೇ ೧೦,೦೦೦ ರೂಪಾಯಿಗಳಿಗೆ ಕೊಂಡರು. ಪೇಟೆಗೂ ನಿಲ್ದಾಣಕ್ಕೂ ನಡುವೆ ಆಗ ಧರ್ಮಾಂಬುಧಿ ಕೆರೆ ಇದ್ದಿತು. ಧರ್ಮಛತ್ರಕ್ಕೆ ಧರ್ಮಾಂಬುಧಿಯ ನೆರೆ ದೊರೆತದ್ದು ಹೆಸರಿನ ಮಟ್ಟಿಗೆ ಬಹಳ ಚೆಲುವಾದ ಯೋಗ. ಆದರೆ ಹೆಸರುಘಟ್ಟದ ನೀರು ೧೮೯೬ರಲ್ಲಿ ಕೊಳಾಯಿಗಳ ಮೂಲಕ ಊರಿಗೆ ಬಂದ ಮೇಲೆ ಹಳೆಯ ಕೆರೆಗಳ ಕಡೆಗೆ ಜನರ ಗಮನ ತಪ್ಪುತ್ತ ಬಂದಿದ್ದಿತು. ನಿವೇಶನವನ್ನು ಕೊಂಡ ಮರುವರ್ಷ ಬೆಂಗಳೂರಿಗೆ ಪ್ಲೇಗು ಬಂದಿತು. ೧೮೯೮ರ ಆಗಸ್ಟಿನಲ್ಲಿ ಕಾಣಿಸಿಕೊಂಡ ಆ ಮಾರಿಯು ಬಂದುದು ರೈಲಿನ ದಾರಿಯಾಗಿಯೇ. ಪ್ರಯಾಣಿಕರನ್ನು ನಿಲ್ದಾಣಗಳಲ್ಲಿ ತಡೆದು ಪರೀಕ್ಷಿಸುತ್ತಿದ್ದರು. ಪೇಟೆಯ ಜನ ಮನೆಗಳನ್ನು ಬಿಟ್ಟು ಗುಡಿಸಲುಗಳಿಗೆ ಓಡುತ್ತಿದ್ದರು. ಗಾಳಿ ಬೆಳಕಿರುವ ಬಡಾವಣೆಗಳಾಗಿ ಬಸವನಗುಡಿ ಮಲ್ಲೇಶ್ವರಗಳು ಈ ಭೀತಿಯ ಬೆನ್ನಿಗೇ ಬೆಳೆದುವು. ರೈಲಿನಿಂದಿಳಿದ ಪರಸ್ಥಳದವನೆಂದರೆ ಊರೇ ಹೆದರುವ ದಿನಗಳವು. ಅಂತಹವನಿಗಾಗಿಯೇ ಮನೆ ಕಟ್ಟಿಸುವ ಸಂಕಲ್ಪವು ಆ ವರ್ಷಗಳನ್ನು ದಾಟಿ ಉಳಿದು ನೆರವೇರಿತೆಂಬುದನ್ನು ತೋಟದಪ್ಪನವರ ಚರಿತ್ರೆಯಲ್ಲಿ ಹಗುರವಾಗಿ ಬಿಡುವಂತಿಲ್ಲ. ೧೯೦೩ರ ಫೆಬ್ರವರಿ ೧೧ರಂದು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಛತ್ರವನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಉದ್ಘಾಟಿಸಿದರು. ದೊರೆಗಳು ಅಧಿಕಾರವನ್ನು ವಹಿಸಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ.

ಛತ್ರದ ದಾರಿಗನು ಸಾಮಾನ್ಯವಾಗಿ ಎರಡು ಮೂರು ದಿನದ ಅತಿಥಿ. ವಿದ್ಯಾರ್ಥಿಯು ವರ್ಷಗಟ್ಟಲೆ ಇರುವವನು. ಅವನು ಹೊಸ ಕಾಲದ ದಾರಿಗ. ವ್ಯಾಪಾರಕ್ಕಲ್ಲ, ಯಾತ್ರೆಗಲ್ಲ, ಇಂಗ್ಲಿಷ್ ಓದಿಗಾಗಿ ಊರು ಬಿಟ್ಟವನು. ಸೆಂಟ್ರಲ್ ಕಾಲೇಜಿನಲ್ಲಿ ಓದಬೇಕೆಂಬ ಹಳ್ಳಿಯ ಹುಡುಗನಿಗೆ ಆಗ ಪರೀಕ್ಷೆಗಿಂತ ದೊಡ್ಡ ತೊಡಕು ಊಟ. ಹೋಟಲುಗಳು ವಿರಳ, ಇದ್ದರೂ ಹಣ ಬೇಕು, ಹಣವಿದ್ದರೂ ಯಾರ ಕೈಯಡಿಗೆಯನ್ನು ಯಾರು ಉಣ್ಣಬಹುದೆಂಬ ಕಟ್ಟು. ಬ್ರಾಹ್ಮಣ ವಟುಗಳಿಗೆ ವಾರಾನ್ನದ ಪದ್ಧತಿಯೊಂದು ಇದ್ದಿತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿ ಮುಂದೆ ಬಂದ ವಿದ್ವಾಂಸರ ಸಂಖ್ಯೆ ಸಣ್ಣದಲ್ಲ. ಉಳಿದ ಜಾತಿಗಳ ಬಡಹುಡುಗರಿಗೆ ನಗರದಲ್ಲಿ ಅಷ್ಟರ ಆಸರೆಯೂ ಸುಲಭವಾಗಿರಲಿಲ್ಲ. ಸರ್ಕಾರದ ಉದ್ಯೋಗಗಳಲ್ಲಿ ಹಿಂದುಳಿದ ಪಂಗಡಗಳಿಗೆ ಪಾಲು ಸಾಲದೆಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದುದು ೧೯೧೮ರಲ್ಲಿ. ಆ ಪ್ರಶ್ನೆಯ ಬೇರು ಅನ್ನದಲ್ಲಿ, ವಸತಿಯಲ್ಲಿ ಇದೆಯೆಂಬುದನ್ನು ಅದಕ್ಕೆ ಹದಿನೈದು ವರ್ಷ ಮೊದಲೇ ಒಬ್ಬ ವರ್ತಕರು ಕೆಲಸದಲ್ಲಿ ತೋರಿಸಿದ್ದರು.

ಇಲ್ಲಿಯೇ ಈ ಧರ್ಮದ ಮೇರೆಯನ್ನೂ ಹೇಳಬೇಕು. ಛತ್ರವು ಹಿಂದೂಗಳೆಲ್ಲರಿಗೂ ತೆರೆದುದು. ವಿದ್ಯಾರ್ಥಿನಿಲಯವಾದರೋ ವೀರಶೈವ ಬಾಲಕರಿಗೆಂದು ಏರ್ಪಟ್ಟುದು. ‘ಹಿಂದೂಗಳೆಲ್ಲರೂ’ ಎಂಬ ಮಾತಿನೊಳಗೆ ಆಗಿನ ಛತ್ರಗಳಲ್ಲಿ ಅಸ್ಪೃಶ್ಯರೆನಿಸಿದ್ದವರಿಗೆ ಸಾಮಾನ್ಯವಾಗಿ ಎಡೆಯಿರಲಿಲ್ಲವೆಂಬುದೂ ಮರೆಯತಕ್ಕದ್ದಲ್ಲ. ಒಂದೇ ಗುಹೆಯನ್ನು ದತ್ತಾತ್ರೇಯರ ಪೀಠವೆಂದು ಹಿಂದೂಗಳೂ ಬಾಬಾಬುಡನರ ಸ್ಥಾನವೆಂದು ಮುಸಲ್ಮಾನರೂ ನಡೆದುಕೊಂಡು ಬಂದ ಗಿರಿಯಿಂದ ಇಳಿದು ಬಂದವರಲ್ಲಿ ಕೆಲವರಿಗೆ ಇಲ್ಲಿ ಬಿಡಾರವಿದ್ದಿತು, ಕೆಲವರಿಗೆ ಇರಲಿಲ್ಲ. ಜಾತಿಗೊಂದು ವಿದ್ಯಾರ್ಥಿನಿಲಯವೆಂಬ ಏರ್ಪಾಡು ಅನಂತರ ಮೈಸೂರು ಸೀಮೆಯಲ್ಲೆಲ್ಲ ಹಬ್ಬಿತು. ಅದರಿಂದ ಓದು ಹರಡಿತು. ಒಟ್ಟಿಗೆ ಉಣ್ಣುವುದು ತಡವಾಯಿತು. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವ ಚರಿತ್ರೆ ಅರ್ಧ ಚರಿತ್ರೆಯಾಗುವುದು.

ಧರ್ಮವನ್ನು ಸ್ಥಾಪಿಸುವುದಕ್ಕಿಂತ ಅದನ್ನು ಉಳಿಸುವುದು ಕಷ್ಟ. ಹಿಂದಿನವರು ದತ್ತಿಯನ್ನು ಕಲ್ಲಿನ ಮೇಲೆ ಕೆತ್ತಿಸಿ, ಚಂದ್ರಸೂರ್ಯರನ್ನು ಸಾಕ್ಷಿಯಾಗಿ ಬಿಡಿಸಿ, ಅಳುಪಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಕೊನೆಯಲ್ಲಿ ಶಾಪ ಬರೆಸುತ್ತಿದ್ದರು. ಶಾಪಕ್ಕೆ ಹೆದರದವರು ಎಲ್ಲ ಕಾಲದಲ್ಲಿಯೂ ಇದ್ದರೆಂಬುದಕ್ಕೆ ಅದೇ ಶಾಸನಗಳ ಸುತ್ತಣ ಹೊಲಗಳೇ ಸಾಕ್ಷಿ. ತೋಟದಪ್ಪನವರ ಕಾಲಕ್ಕೆ ಶಾಪದ ಸ್ಥಾನವನ್ನು ದಸ್ತಾವೇಜು ಹಿಡಿದಿದ್ದಿತು. ಅವರು ತೀರಿಕೊಳ್ಳುವುದಕ್ಕೆ ಮೊದಲು ನ್ಯಾಸವೊಂದನ್ನು ರಚಿಸಿ, ತಮ್ಮ ಆಸ್ತಿಯನ್ನೆಲ್ಲ ಅದಕ್ಕೆ ವಹಿಸಿ, ಕೆ. ಪಿ. ಪುಟ್ಟಣ್ಣ ಚೆಟ್ಟಿಯವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಆಯ್ಕೆ ಜಾಣತನದ್ದು. ಪುಟ್ಟಣ್ಣ ಚೆಟ್ಟಿಯವರು ಸರ್ಕಾರದ ಆಡಳಿತವನ್ನು ಒಳಗಿನಿಂದ ಬಲ್ಲವರು; ಮುಂದೆ ೧೯೧೩ರಿಂದ ೧೯೨೦ರವರೆಗೆ ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದವರು; ನಗರದ ಪುರಭವನಕ್ಕೆ ಇಂದಿಗೂ ಅವರದೇ ಹೆಸರು. ಸಂತಾನವಿಲ್ಲದ ಧನವಂತನು ದತ್ತುಪುತ್ರನನ್ನು ಸ್ವೀಕರಿಸಿ ಮನೆತನವನ್ನು ಮುಂದುವರಿಸುವುದು ಲೋಕರೂಢಿ. ಆ ಸ್ಥಾನದಲ್ಲಿ ಇಲ್ಲಿ ಒಂದು ಸಮಿತಿಯೂ ಲೆಕ್ಕದ ಪುಸ್ತಕವೂ ನಿಂತುವು. ೧೯೧೦ರ ಫೆಬ್ರವರಿ ೨೧ರಂದು ತೋಟದಪ್ಪನವರು ನಿಧನರಾದರು.

ಇದಕ್ಕೆ ಹೋಲಿಕೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಸೀಮೆಯಿಂದ ಶಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ನೆನೆಯಬಹುದು. ೧೯೦೪ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದ ಅವರು ೧೯೦೬ರಲ್ಲಿ ತೀರಿಕೊಂಡಾಗ ಮೃತ್ಯುಪತ್ರದ ಮೂಲಕ ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಇಬ್ಬರೂ ಸಮಕಾಲೀನರು; ಇಬ್ಬರ ಆಸ್ತಿಯೂ ವಿದ್ಯಾರ್ಥಿಗಳಿಗೆ ಸಂದಿತು. ಆದರೆ ದೇಸಾಯಿಯವರದು ದೇಶಗತಿಯ ಭೂಮಿ. ತಲೆಮಾರುಗಳಿಂದ ಬಂದುದು, ತಮ್ಮ ತರುವಾಯ ನಡೆಯಲೆಂದು ಬರೆದುದು. ತೋಟದಪ್ಪನವರದು ತಮ್ಮ ಕೈಯ ಗಳಿಕೆ. ತಮ್ಮ ಧರ್ಮ ನಡೆಯುವುದನ್ನು ಅವರು ಏಳು ವರ್ಷ ಕಣ್ಣಾರೆ ನೋಡಿದರು. ದಾನವನ್ನು ಮರಣಕ್ಕೆ ಬಿಡದೆ ಬದುಕಿನಲ್ಲಿಯೇ ಮಾಡಿ ಅದರ ಕುಂದುಕೊರತೆಗಳನ್ನು ತಿದ್ದಿಕೊಳ್ಳುವ ಅವಕಾಶ ಎಲ್ಲ ದಾನಿಗಳಿಗೂ ದೊರೆಯುವುದಿಲ್ಲ.

ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳ ಸುಭಾಷನಗರದ ಮೈದಾನವಾಗಿ, ಕೊನೆಗೆ ಬಸ್ಸು ನಿಲ್ದಾಣವಾಯಿತು. ಆ ನೆರೆಯ ನೆಲದ ಬೆಲೆ ಇಂದು ಚದರಡಿಯ ಲೆಕ್ಕದ್ದು. ೧೮೯೭ರ ಹತ್ತು ಸಾವಿರವನ್ನು ಅದರೊಡನೆ ತೂಗುವುದೇ ವ್ಯರ್ಥ. ಅಲ್ಲಿಯ ರಸ್ತೆಗೆ ತೋಟದಪ್ಪನವರ ಹೆಸರಿದೆ. ಬಸ್ಸಿಗೆ ಓಡುವವರಲ್ಲಿ ಹೆಚ್ಚಿನವರಿಗೆ ಅದು ವಿಳಾಸ ಮಾತ್ರ.

ಆ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರಲ್ಲಿ ಮಾಗಡಿ ಸೀಮೆಯ ವೀರಾಪುರದ ಶಿವಣ್ಣನೆಂಬ ತರುಣನೊಬ್ಬನು. ೧೯೦೭ರಲ್ಲಿ ಹುಟ್ಟಿದ ಆತನು ೧೯೨೭ರಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿ ತೋಟದಪ್ಪನವರ ನಿಲಯದಲ್ಲಿ ಆಶ್ರಯ ಪಡೆದನು. ೧೯೩೦ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಿ ಆಯ್ಕೆಗೊಂಡು ಶಿವಕುಮಾರ ಸ್ವಾಮಿಗಳಾದರು. ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ ಅವರು ನಡೆಸಿದ ಉಚಿತ ಊಟ, ವಸತಿ, ಓದುಗಳ ಏರ್ಪಾಡಿನಲ್ಲಿ ಸಾವಿರಾರು ಮಕ್ಕಳು ಏಕಕಾಲದಲ್ಲಿ ಇರುತ್ತಿದ್ದರು. ಆ ಪಂಕ್ತಿಯಲ್ಲಿ ಕೂಡುವುದಕ್ಕೆ ಯಾವ ಜಾತಿಯೆಂದು ಕೇಳುವ ಪದ್ಧತಿ ಇರಲಿಲ್ಲ. ಮಠವಿರುವುದು ಕ್ಯಾತಸಂದ್ರದ ಬಳಿಯಲ್ಲಿ. ಬೆಂಗಳೂರಿನಿಂದ ಗುಬ್ಬಿಗೂ ಕಡೂರಿಗೂ ಹೋಗುವ ಅದೇ ರೈಲುದಾರಿಯಲ್ಲಿ, ತುಮಕೂರಿಗಿಂತ ಸ್ವಲ್ಪ ಮೊದಲು, ಆ ನಿಲ್ದಾಣವು ಸಿಗುತ್ತದೆ.